ಹಲ್ಲಿನಲ್ಲಿ ಎಂಜಿನ್ ಕೇಳುವ ಮೇಸ್ತ್ರಿ

“ಅಕ್ಕಾ, ಮನೇಲಿ ಹೆಂಡ್ತಿ ಕೂಗಿದ್ದೇ ಈ ಮನುಷ್ಯನಿಗೆ ಕೇಳಲ್ಲ. ನಿನ್ನ ಎಂಜಿನ್ ನರಳೋದು ಕೇಳುತ್ತಾ?”

ಬೆಳಗಿನ ಐದೂಮುಕ್ಕಾಲು. ಸಗಟು ಮಾರುಕಟ್ಟೆಯ ಹಿಂದೆ ಲಾರಿಗಳು ನಿಲ್ಲುವ ಬಯಲು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೀ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಹತ್ತು ಹನ್ನೆರಡು ಡ್ರೈವರುಗಳು ಲೋಟ ಹಿಡಿದು ನಿಂತಿದ್ದಾರೆ. ಮಾತು ಎಸೆದವನು ಎದುರು ರಸ್ತೆಯ ಗಾಜಿನ ಬಾಗಿಲಿನ ವರ್ಕ್‌ಶಾಪಿನ ಫೋರ್‌ಮನ್. ಇಸ್ತ್ರಿ ಮಡಿಕೆ ಮುರಿಯದ ನೀಲಿ ಕೋಟು, ಜೇಬಲ್ಲಿ ಎರಡು ಪೆನ್ನು, ಸ್ಕೇಲಿಟ್ಟು ಕತ್ತರಿಸಿದಂಥ ಮೀಸೆ. ಡ್ರೈವರುಗಳು ಗೊಳ್ಳೆಂದು ನಗುತ್ತಾರೆ. ನಕ್ಕಿದ್ದೇ ತಡ, ಅವನಿಗೆ ಹುರುಪು ಏರುತ್ತದೆ.

“ಕಿವಿ ಹೋಗಿ ಆಯ್ತು, ಈಗ ಹಲ್ಲಲ್ಲಿ ಎಂಜಿನ್ ಕಚ್ತಾನೆ. ಹಲ್ಲೂ ಉದುರಿದ ಮೇಲೆ ಏನು ಮಾಡ್ತಾನೋ? ಮೂಗಲ್ಲಿ ಮೂಸ್ತಾನಾ?”

ಬೈಸಿಕೊಂಡವರು ತಿರುಗುವುದೂ ಇಲ್ಲ. ತಗಡಿನ ಶೆಡ್ಡಿನ ಮುಂದೆ ಬಾನೆಟ್ ಎತ್ತಿ ನಿಂತ ಹಳೇ ಡೀಸೆಲ್ ಪಿಕಪ್ಪಿನ ಮೇಲೆ ಅವರು ಬಾಗಿದ್ದಾರೆ. ಕೈಯಲ್ಲಿ ಎರಡಡಿ ಉದ್ದದ ಸ್ಕ್ರೂಡ್ರೈವರು. ಅದರ ತುದಿ ಓಡುತ್ತಿರುವ ಎಂಜಿನ್ನಿನ ಮೈಗೆ ತಾಗಿದೆ, ಮರದ ಹಿಡಿ ಮುಂದಿನ ಹಲ್ಲುಗಳ ನಡುವೆ ಇದೆ. ಕಣ್ಣು ಮುಚ್ಚಿದೆ. ಕಬ್ಬಿಣದ ನಡುಕ ಹಲ್ಲಿಗೆ ಬಂದು, ಹಲ್ಲಿನಿಂದ ದವಡೆ ಮೂಳೆಗೆ ಏರಿ, ಮೂಳೆಯಿಂದ ತಲೆಯೊಳಗೆ ಇಳಿಯುತ್ತದೆ. ಎಡಗಿವಿ ಪೂರ್ತಿ ಹೋಗಿ, ಬಲಗಿವಿಯಲ್ಲಿ ಚೂರುಪಾರು ಉಳಿದಿರುವ ಐವತ್ತಾರು ವರ್ಷದ ಈ ಮನುಷ್ಯ ಎಂಜಿನ್ ಕೇಳುವುದು ಹೀಗೆ. ಹಲ್ಲು ಮೇಸ್ತ್ರಿ ಅಂದರೆ ಈ ಬಯಲಿನಲ್ಲಿ ಗೊತ್ತಿಲ್ಲದವರಿಲ್ಲ. ಬಯಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಗೊತ್ತಿರುವವರು ಯಾರೂ ಇಲ್ಲ.

ಪಿಕಪ್ಪಿನ ಒಡತಿ ಪಕ್ಕದಲ್ಲೇ ಇದ್ದಾಳೆ. ಹನ್ನೆರಡು ವರ್ಷದಿಂದ ಈ ಗಾಡಿಯಲ್ಲಿ ಐಸ್ ಫ್ಯಾಕ್ಟರಿಯಿಂದ ಮೀನು ಮಾರ್ಕೆಟ್ಟಿಗೆ ಮಂಜುಗಡ್ಡೆ ಹೊಡೆಯುವ ಹೆಂಗಸು. ಎಲ್ಲರಿಗೂ ಐಸಕ್ಕ. ಹೆಸರಿಗಷ್ಟೇ ಐಸು, ಬಾಯಿ ಬಾಣಲೆ.

“ಏಯ್ ಫೋರ್‌ಮನ್ನು, ನಿನ್ನ ಟೀ ಆರ್ತಿದೆ, ಕುಡಿ. ಕೆಲಸ ಮಾಡೋರ ತಲೆ ತಿನ್ಬೇಡ.”

“ಅಕ್ಕಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಎರಡು ಸೆನ್ಸರ್ ನಾನೇ ಮುಂದೆ ನಿಂತು ಹಾಕಿಸಿದೀನಿ. ಮೂರನೇದು ಹಾಕಿದ್ರೆ ಸೂಜಿ ಎದ್ದು ನಿಲ್ಲುತ್ತಾ? ಈ ಗಾಡಿ ಐಸ್ ಹೊತ್ಕೊಂಡು ಹೋಗಿ, ಸೂಜಿ ಬೀಳದೆ ವಾಪಸ್ ಬಂದ್ರೆ, ನನ್ನ ಅರ್ಧ ಮೀಸೆ ಇಲ್ಲೇ, ಈ ಅಂಗಡಿ ಮುಂದೇನೇ ಬೋಳಿಸ್ಕೋತೀನಿ. ಬಲಗಡೇದು. ಎಲ್ಲರೂ ಕೇಳಿಸ್ಕೊಂಡ್ರಾ?” ಎಂದವನು ಮೇಸ್ತ್ರಿಯ ಬೆನ್ನಿನ ಕಡೆ ನೋಡಿ, “ಇವನೊಬ್ಬನನ್ನ ಬಿಟ್ಟು!” ಅನ್ನುತ್ತಾನೆ.

ಮತ್ತೆ ನಗು. “ಒಂಬತ್ತಕ್ಕೆ ಬರ್ತೀನಿ. ಕಾಗದ, ಕೀ ರೆಡಿ ಇಟ್ಕೊ” ಎಂದು ಹೇಳಿ ಅವನು ರಸ್ತೆ ದಾಟುತ್ತಾನೆ.

ಆ ಒಂಬತ್ತು ಗಂಟೆಯೇ ಇವತ್ತಿನ ವಿಷಯ.

ಐಸಕ್ಕನ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಯಿಲಿನ ಒತ್ತಡ ತೋರಿಸುವ ಪುಟ್ಟ ಮೀಟರ್ ಇದೆ. ಒಂದೂವರೆ ತಿಂಗಳ ಹಿಂದೆ ಅದರ ಸೂಜಿ ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಬಿತ್ತು. ಸೂಜಿ ಬಿದ್ದರೆ ಡ್ರೈವರ್ ಆದವರ ಎದೆ ಧಸಕ್ಕೆನ್ನುತ್ತದೆ. ಆಯಿಲ್ ಒತ್ತಡ ಇಲ್ಲ ಅಂದರೆ ಎಂಜಿನ್ನಿಗೆ ರಕ್ತ ಓಡುತ್ತಿಲ್ಲ ಅಂತಲೇ ಲೆಕ್ಕ. ಅವಳು ಗಾಬರಿಯಾಗಿ ಗಾಜಿನ ಬಾಗಿಲಿನವರ ಹತ್ತಿರ ಹೋದಳು. ಒತ್ತಡವನ್ನು ಅಳೆದು ಮೀಟರಿಗೆ ಸುದ್ದಿ ಕಳಿಸುವ, ಹೆಬ್ಬೆರಳು ಗಾತ್ರದ ಸೆನ್ಸರ್ ಒಡೆದು ಆಯಿಲ್ ಜಿನುಗುತ್ತಿತ್ತು. ಹೊಸದು ಹಾಕಿದರು. ಎರಡು ದಿನ ಚೆನ್ನಾಗಿತ್ತು, ಮೇಲ್ಸೇತುವೆ ಹತ್ತುವಾಗ ಸೂಜಿ ಮತ್ತೆ ಬಿತ್ತು. ಇನ್ನೊಂದು ಹಾಕಿದರು. ಅದೂ ಬಿತ್ತು. ಆಗ ತೀರ್ಪು ಬಂತು: ಸೆನ್ಸರ್ ಸರಿ ಇದೆ, ಎಂಜಿನ್ನೇ ಹೋಗಿದೆ. ಪಂಪು, ಬೇರಿಂಗು ಎಲ್ಲ ಸವೆದಿದೆ. ಪೂರ್ತಿ ಬಿಚ್ಚಬೇಕು. ಇಷ್ಟು ಹಳೇ ಗಾಡಿಗೆ ಅಷ್ಟು ಖರ್ಚು ದಂಡ, ಗುಜರಿ ರೇಟಿಗೆ ನಾವೇ ತಗೋತೀವಿ.

“ಅಳೆದು ನೋಡಿದ್ರಾ ಅಂತ ಕೇಳಿದೆ” ಅನ್ನುತ್ತಾಳೆ ಐಸಕ್ಕ. “ಕಂಪ್ಯೂಟರೇ ಹೇಳ್ತಿದೆಯಲ್ಲಮ್ಮಾ ಅಂದ. ಕಂಪ್ಯೂಟರಿನ ಮುಂದೆ ನಾನೇನು ಹೇಳ್ಲಿ? ಅತ್ತೆ, ಇಬ್ಬರು ಹೆಣ್ಣುಮಕ್ಕಳು, ನಾನು, ಒಂದು ಬೆಕ್ಕು. ಐದು ಬಾಯಿ ಈ ಗಾಡಿ ಮೇಲೆ ಕೂತಿದೆ. ನಿನ್ನೆ ಸಂಜೆ ಒಪ್ಕೊಂಡುಬಿಟ್ಟೆ. ಬೆಳಿಗ್ಗೆ ಮನಸ್ಸು ತಡೀಲಿಲ್ಲ, ಕೊನೇ ಸಲ ಅಂತ ಇನ್ನೊಂದು ಸೆನ್ಸರ್ ತಗೊಂಡು ಇಲ್ಲಿಗೆ ಬಂದೆ.”

ಕೊನೇ ಸಲ ಅಂತಲೇ ಎಲ್ಲರೂ ಬರುವುದು ಇಲ್ಲಿಗೆ. ಗಾಜಿನ ಬಾಗಿಲು, ಏಸಿ ರೂಮು, ಟೈ ಕಟ್ಟಿದವರ ನಗು, ಎಲ್ಲ ಮುಗಿದ ಮೇಲೆ. ಮೊದಲೇ ಬರಬಾರದಾ? ಬರುವುದಿಲ್ಲ. ತಗಡಿನ ಶೆಡ್ಡಿಗೆ ಬೋರ್ಡಿಲ್ಲ, ಗೋಡೆ ಮೇಲೆ ಫ್ರೇಮು ಹಾಕಿದ ಸರ್ಟಿಫಿಕೇಟಿಲ್ಲ. ಕಲಿತವರೆಂದರೆ ಗೋಡೆಗೆ ಮೊಳೆ ಹೊಡೆದವರು ಅಂತ ನಾವೆಲ್ಲ ನಂಬಿ ಕೂತಿದ್ದೇವೆ.

ಮೇಸ್ತ್ರಿ ಸ್ಕ್ರೂಡ್ರೈವರನ್ನು ನಾಲ್ಕು ಕಡೆ ಇಟ್ಟು ನೋಡುತ್ತಾರೆ. ಒಂದೊಂದು ಕಡೆಯೂ ನೂರು ಎಣಿಸುವಷ್ಟು ಹೊತ್ತು. ಆಮೇಲೆ ಹಿಡಿಯನ್ನು ಬಾಯಿಂದ ತೆಗೆದು, ತೋಳಿನಲ್ಲಿ ತುಟಿ ಒರೆಸಿ, ಕೀ ತಿರುಗಿಸಿ ಎಂಜಿನ್ ನಿಲ್ಲಿಸುತ್ತಾರೆ.

“ಎಣ್ಣೆ ಕಾಣದ ಬೇರಿಂಗು ಹಲ್ಲಿಗೆ ಮರಳು ಅಗಿದ ಹಾಗೆ ಬರುತ್ತೆ. ಇದು ನುಣ್ಣಗಿದೆ. ಬೆಣ್ಣೆ” ಅನ್ನುತ್ತಾರೆ. ಅವರ ದನಿ ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲೆ. ತನ್ನ ಮಾತು ತನಗೆ ಕೇಳದವರ ದನಿ. “ಎಂಜಿನ್ ಹೋಗಿಲ್ಲ ತಂಗಿ. ಹೋಗಿದೆ ಅಂತ ಯಾರೋ ಚಾಡಿ ಹೇಳ್ತಿದಾರೆ. ಆ ಚಾಡಿಕೋರ ಯಾರು ಅಂತ ನೋಡ್ಬೇಕು.”

ಐಸಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಾಳೆ.

ಫೋರ್‌ಮನ್ ಬೈದಿದ್ದು ಗೊತ್ತಾಯಿತಾ ಅಂತ ಕೇಳಿದರೆ ಮೇಸ್ತ್ರಿ ಪಿಕಪ್ಪಿನ ಬದಿಯ ಕನ್ನಡಿ ತೋರಿಸುತ್ತಾರೆ. “ಅಲ್ಲಿ ಕಂಡ. ಬೈಗುಳ ಓದೋದು ಸುಲಭ. ಬೈಯೋವಾಗ ಜನ ಬಾಯಿ ಅಗಲ ತೆಗೀತಾರೆ. ಹೊಗಳೋವಾಗ ತುಟಿಯೇ ಅಲ್ಲಾಡಿಸಲ್ಲ.”

ಕಿವಿ ಒಂದೇ ದಿನ ಹೋಗಿದ್ದಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಅಪ್ಪ ಇವರನ್ನು ಎಂಜಿನ್ ರೀಬಿಲ್ಡ್ ಮಾಡುವ ಶೆಡ್ಡಿಗೆ ಸೇರಿಸಿದರು. ಅಲ್ಲಿ ಕಟ್ಟಿದ ಎಂಜಿನ್ನುಗಳನ್ನು ಕಬ್ಬಿಣದ ಮೇಜಿಗೆ ಬಿಗಿದು, ಸೈಲೆನ್ಸರ್ ಇಲ್ಲದೆ, ಮೂರು ಮೂರು ಗಂಟೆ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಪಕ್ಕದಲ್ಲಿ ಒಬ್ಬ ನಿಂತಿರಬೇಕು. ಹತ್ತೊಂಬತ್ತು ವರ್ಷ ಆ ಒಬ್ಬ ಇವರೇ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೇಳಿದರೆ, “ಹತ್ತಿ ಇರೋದು ಕೈ ಒರೆಸೋಕೆ” ಅಂದನಂತೆ ಮಾಲೀಕ. ಹತ್ತಿ! ಒಂದು ಚಿಟಿಕೆ ಹತ್ತಿ! ಅದನ್ನು ಕೊಡಲು ಕೈ ಬರದವನು ಈಗ ಮಗನಿಗೆ ಶೆಡ್ಡು ಬಿಟ್ಟುಕೊಟ್ಟು ಮನೆಯಲ್ಲಿ ಹಾಡು ಕೇಳುತ್ತ ಕೂತಿರಬಹುದು. ಮೇಸ್ತ್ರಿಗೆ ಅವನ ಮೇಲೆ ಸಿಟ್ಟಿಲ್ಲ. ಕೇಳಿದವರಿಗೆ ಬರುತ್ತದೆ.

ಡಾಕ್ಟರು ಪರೀಕ್ಷೆ ಮಾಡಿ ಒಂದು ಕಾಗದ ಕೊಟ್ಟರು. ಅದರಲ್ಲಿ ಗೆರೆ ಎಡದಿಂದ ಬಲಕ್ಕೆ ಜಾರುಬಂಡೆ ಹಾಗೆ ಇಳಿದಿತ್ತು. ಕಿವಿಗೆ ಹಾಕುವ ಯಂತ್ರವೂ ಬಂತು. ಅದು ಈಗ ಮನೆಯ ಡ್ರಾಯರಿನಲ್ಲಿ ಗುಂಡಿ, ಸೂಜಿ, ದಾರದ ಉಂಡೆಗಳ ಜೊತೆ ಮಲಗಿದೆ. “ಅದು ಎಲ್ಲಾನೂ ಜೋರು ಮಾಡುತ್ತೆ. ಯಾವುದು ಸರಿ, ಯಾವುದು ತಪ್ಪು ಅಂತ ಹೇಳಲ್ಲ. ಅಂಥವರು ಹೊರಗೇ ಬೇಕಾದಷ್ಟು ಜನ ಇದಾರೆ.”

ಏಳು ವರ್ಷದ ಹಿಂದೆ ಅದೇ ಗಾಜಿನ ಬಾಗಿಲಿನೊಳಗೆ ಕೆಲಸ ಕೇಳಲು ಹೋಗಿದ್ದರು. ಅರ್ಜಿಯಲ್ಲಿ ಹತ್ತು ಪ್ರಶ್ನೆ. ಎಂಜಿನ್ ಬಗ್ಗೆ ಒಂದೂ ಇಲ್ಲ. ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗ ಕೈ ಎತ್ತಿ ಅಂದರು. ಇವರು ಕೈ ಎತ್ತಲೇ ಇಲ್ಲ. ಕಾಗದದ ಮೇಲೆ ಅಡ್ಡಗೆರೆ ಎಳೆದವನು ಇದೇ ಫೋರ್‌ಮನ್. ಆವತ್ತೂ ಹಾಲ್ ತುಂಬ ಜನರ ಎದುರು ಜೋರಾಗಿಯೇ ಓದಿದ್ದ: “ಕಿವಿ ಫೇಲು!”

ಆಮೇಲೆ ಹಲ್ಲು ಹೇಗೆ ಬಂತು? ಅದು ಹೆಂಡತಿಯ ಕೊಡುಗೆ. ಆಕೆ ಲಾರಿ ಸೀಟಿನ ಕವರು ಹೊಲಿಯುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಅದರ ಪಕ್ಕ ಬಣ್ಣಬಣ್ಣದ ರೆಕ್ಸಿನ್ ಸುರುಳಿ. ಒಂದು ದಿನ ಊಟ ಮುಗಿಸಿ ಮಿಷನ್ನಿನ ಮೇಲೆ ಗಲ್ಲ ಊರಿ ಕೂತಿದ್ದ ಗಂಡ, ಆಕೆ ಪೆಡಲ್ ತುಳಿದ ಕೂಡಲೆ ತಟ್ಟನೆ ತಲೆ ಎತ್ತಿ, “ನಿನ್ನ ಮಿಷನ್ನಿನ ಎಡಗಡೆ ಒಂದು ಸ್ಕ್ರೂ ಸಡಿಲ ಇದೆ” ಅಂದರಂತೆ. ನಿಜವಾಗಲೂ ಇತ್ತು. ಮಾರನೇ ದಿನದಿಂದ ಸ್ಕ್ರೂಡ್ರೈವರು ಬಾಯಿಗೆ ಹೋಯಿತು.

ಮನೆಯಲ್ಲಿ ಆಕೆ ಕೂಗುವುದನ್ನು ಬಿಟ್ಟು ಬಹಳ ವರ್ಷವಾಯಿತು. ಲೈಟಿನ ಸ್ವಿಚ್ಚು ಒತ್ತುತ್ತಾರೆ. ಎರಡು ಸಲ ಮಿಣುಕಿದರೆ ಊಟ, ಮೂರು ಸಲವಾದರೆ ಯಾರೋ ಬಂದಿದ್ದಾರೆ, ಪೂರ್ತಿ ಕತ್ತಲೆಯಾದರೆ ಜಗಳ. ಫೋರ್‌ಮನ್ನಿನ ಮಾತು ಆಕೆಯ ಕಿವಿಗೆ ಮೊದಲೇ ಬಿದ್ದಿದೆ. ಅವನು ಅದನ್ನು ಹೇಳುತ್ತಿರುವುದು ಇದೇ ಮೊದಲಲ್ಲ. ದಾರ ಹಲ್ಲಿನಲ್ಲಿ ಕತ್ತರಿಸಿ ಆಕೆ ಹೇಳುತ್ತಾರೆ: “ನಾನು ಕೂಗಿದ್ದು ಕೇಳಲ್ಲ, ನಿಜ. ಕೂಗದೇ ಇದ್ದಿದ್ದು ಕೇಳುತ್ತೆ. ನಾನು ಬೇಜಾರಲ್ಲಿದ್ರೆ ಪೆಡಲ್ಲು ಬೇರೆ ಥರ ತುಳೀತೀನಂತೆ, ನೆಲದಿಂದ ಇವರ ಪಾದಕ್ಕೆ ಗೊತ್ತಾಗುತ್ತಂತೆ. ಆ ಫೋರ್‌ಮನ್ನಿನ ಹೆಂಡ್ತಿನ ಹೋಗಿ ಕೇಳಿ, ಅವನಿಗೆ ಏನು ಗೊತ್ತಾಗುತ್ತೆ ಅಂತ.”

ಆರೂಕಾಲು. ಕೆಲಸ ಶುರು.

ಮೊದಲು ಬ್ಯಾಟರಿಯ ವೈರು ಬಿಚ್ಚುತ್ತಾರೆ. ಎಂಜಿನ್ ಕೆಳಗೆ ಹಳೇ ಬಿಸ್ಕತ್ ಡಬ್ಬದ ಮುಚ್ಚಳ ಇಡುತ್ತಾರೆ, ಜಿನುಗುವ ಆಯಿಲಿಗೆ. ಸೆನ್ಸರ್ ಇರುವುದು ಎಂಜಿನ್ನಿನ ಎಡಮಗ್ಗುಲಿಗೆ, ಆಯಿಲ್ ಫಿಲ್ಟರಿನ ಬೆನ್ನ ಹಿಂದೆ. ಅಲ್ಲಿಗೆ ಕಣ್ಣು ಹೋಗುವುದಿಲ್ಲ, ಕೈ ಮಾತ್ರ ಹೋಗುತ್ತದೆ. ಮೇಸ್ತ್ರಿ ಮೊಣಕೈವರೆಗೆ ಕೈ ತೂರಿಸಿ, ಆಕಾಶ ನೋಡುತ್ತ, ಬೆರಳಿನ ತುದಿಯಲ್ಲಿ ಕನೆಕ್ಟರಿನ ಕೊಕ್ಕೆ ಹುಡುಕುತ್ತಾರೆ. ಟಕ್. ವೈರು ಕೈಗೆ ಬಂತು. ಉದ್ದ ಸಾಕೆಟ್ಟು ಪಾನಾ ಕೂರಿಸಿ ಒಂದು ಎಳೆತ. ಅಲ್ಲಾಡುವುದಿಲ್ಲ. ಇನ್ನೊಂದು. ಮುಖ ಕೆಂಪಾಗುತ್ತದೆ.

“ಯಾರೋ ಮಹಾನುಭಾವ ಜಿದ್ದಿಗೆ ಬಿದ್ದು ಬಿಗಿ ಮಾಡಿದಾನೆ. ಅಲ್ಯೂಮಿನಿಯಂ ಇದು. ಬಿರುಕು ಬಿಟ್ಟಿದ್ರೆ ಆಗ ಎಂಜಿನ್ ನಿಜವಾಗ್ಲೂ ಹೋಗ್ತಿತ್ತು” ಎಂದು ಗೊಣಗುತ್ತಾರೆ. ಮೂರನೇ ಎಳೆತಕ್ಕೆ ಅದು ಬಿಡುತ್ತದೆ. ಸೆನ್ಸರ್ ಅಂಗೈಗೆ ಬರುತ್ತದೆ. ಪೈಪ್ ರಿಂಚಿನ ಹಲ್ಲುಗಳು ಅದರ ಕುತ್ತಿಗೆಯಲ್ಲಿ ಮೂಡಿವೆ, ಕುತ್ತಿಗೆ ಸೀಳಿ ಒಳಗೆ ಎಣ್ಣೆ ಇಳಿದಿದೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ತಿರುಗಿಸುತ್ತಾರೆ.

ಸೆನ್ಸರಿನ ಮರೆಯ ಸುತ್ತ, ಅಂದರೆ ತಿರುಪಿನ ಸುರುಳಿಗೆರೆಗಳ ಸುತ್ತ, ಬಿಳಿ ಟೇಪು. ನಲ್ಲಿ ಸೋರದಿರಲು ಸುತ್ತುತ್ತಾರಲ್ಲ, ಅದೇ. ಒಂದಲ್ಲ, ಎರಡಲ್ಲ, ಏಳೆಂಟು ಸುತ್ತು.

“ಸಿಕ್ಕಿಬಿದ್ದ ಚಾಡಿಕೋರ” ಅನ್ನುತ್ತಾರೆ ಮೇಸ್ತ್ರಿ.

ವಿಷಯ ಇಷ್ಟೇ. ಈ ಸೆನ್ಸರಿಗೆ ಇರುವುದು ಒಂದೇ ವೈರು. ಕರೆಂಟು ಆ ವೈರಿನಿಂದ ಬಂದು, ಸೆನ್ಸರಿನ ಮೈಯಿಂದ ಮರೆಗಳ ಮೂಲಕ ಎಂಜಿನ್ನಿಗೆ ಇಳಿದು ಹೋಗಬೇಕು. ಮರೆ ಬರಿಮೈಯಲ್ಲಿ ಎಂಜಿನ್ನಿಗೆ ತಾಗಿದರೆ ಮಾತ್ರ ದಾರಿ. ನಡುವೆ ಟೇಪು ಸುತ್ತಿದರೆ ದಾರಿಗೆ ಗೋಡೆ ಕಟ್ಟಿದ ಹಾಗೆ. ತಣ್ಣಗಿರುವಾಗ ಟೇಪು ಎಲ್ಲೋ ಹರಿದ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿ ಸೂಜಿ ಏಳುತ್ತದೆ. ಎಂಜಿನ್ ಬಿಸಿಯಾಗಿ, ಭಾರ ಹೊತ್ತು, ಏರು ಹತ್ತುತ್ತ ಅದುರಿದಾಗ ಆ ಚೂರು ಸಂಬಂಧವೂ ತಪ್ಪುತ್ತದೆ. ಈ ಗಾಡಿಯಲ್ಲಿ ದಾರಿ ತಪ್ಪಿದರೆ ಸೂಜಿ ಸೊನ್ನೆಗೆ ಬೀಳುತ್ತದೆ. ಮೊದಲ ಸೆನ್ಸರ್ ಸೋರಿತ್ತು ಅಂತ, ಮುಂದಿನವು ಸೋರಬಾರದೆಂದು ಜಾಣತನ ತೋರಿಸಿದ್ದಾರೆ. ಎರಡು ಸಲವೂ. ಆಮೇಲೆ ತಮ್ಮ ಜಾಣತನದ ತಪ್ಪನ್ನು ಎಂಜಿನ್ನಿನ ತಲೆಗೆ ಕಟ್ಟಿದ್ದಾರೆ. ಐದು ಬಾಯಿ ಹೊತ್ತ ಗಾಡಿಯನ್ನು ಗುಜರಿಗೆ ಕಳಿಸುತ್ತಿದ್ದದ್ದು ಒಂದು ಗೇಣು ಟೇಪು!

ಆದರೆ ಮೇಸ್ತ್ರಿ ನಗುವುದಿಲ್ಲ. ಶೆಡ್ಡಿನ ಬಾಗಿಲಿನ ಕಡೆ ಒಮ್ಮೆ ನೋಡುತ್ತಾರೆ. ಬಾಗಿಲ ಒಳಮೈ ತುಂಬ ಸೀಮೆಸುಣ್ಣದ ಗೆರೆಗಳು, ನಾಲ್ಕು ನಿಂತ ಗೆರೆ, ಮೇಲೊಂದು ಅಡ್ಡಗೆರೆ, ಐದೈದರ ಗುಂಪು. ಇನ್ನೂರ ಹನ್ನೊಂದು. ರಿಪೇರಿ ಮಾಡಿದ ಗಾಡಿಗಳದ್ದಲ್ಲ. ದಿನಕ್ಕೆ ಮೂರು, ನಾಲ್ಕು ಗಾಡಿ ಬರುತ್ತವೆ, ಅವನ್ನು ಯಾರು ಎಣಿಸಿದ್ದಾರೆ? ಈ ಗೆರೆಗಳು ಬಿಚ್ಚಬೇಕು ಅಂತ ಬೇರೆಯವರು ಹೇಳಿ, ಇವರು ಬಿಚ್ಚದೆ ಉಳಿಸಿದ ಎಂಜಿನ್ನುಗಳದ್ದು.

“ಹತ್ತೊಂಬತ್ತನೇ ವಯಸ್ಸಲ್ಲಿ ನಾನೂ ಹೀಗೇ ಟೇಪ್ ಸುತ್ತಿದ್ದೆ” ಅನ್ನುತ್ತಾರೆ. “ಒಂದು ಬಸ್ಸಿಗೆ. ಜಾಣ ಅನ್ಸ್ಕೊಳ್ಳೋ ಆಸೆ. ಸೂಜಿ ಬಿತ್ತು. ಎಲ್ಲರೂ ಸೇರಿ ಎರಡು ದಿನ ಎಂಜಿನ್ ಬಿಚ್ಚಿದ್ವಿ. ಒಳಗೆ ನೋಡಿದ್ರೆ ಹೊಸ ಮದುಮಗನ ಹಾಗಿದೆ ಎಂಜಿನ್ನು. ಜೋಡಿಸಿದ ಮೇಲೆ ಅದು ಮೊದಲಿನ ಹಾಗೆ ಆಗ್ಲೇ ಇಲ್ಲ. ತಪ್ಪು ನನ್ನದು ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಆದ್ಮೇಲೆ. ಬಿಚ್ಚೋದು ಯಾರಿಗಾದ್ರೂ ಬರುತ್ತೆ. ಬಿಚ್ಚದೆ ಇರೋದನ್ನ ಕಲೀಬೇಕು.”

ಹಲ್ಲು ಹೇಳಿತು, ಟೇಪು ಸಿಕ್ಕಿತು, ಆದರೂ ಅವರಿಗೆ ಸಾಲದು. ಗೋಡೆಯ ಮೊಳೆಯಿಂದ ಹಿತ್ತಾಳೆಯ ಹಳೇ ಗೇಜು ಇಳಿಸುತ್ತಾರೆ. ಸೆನ್ಸರ್ ಇದ್ದ ತೂತಿಗೆ ಅದರ ಕೊಳವೆ ತಿರುಗಿಸಿ, ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡುತ್ತಾರೆ. ಇದಕ್ಕೆ ವೈರಿಲ್ಲ, ಕಂಪ್ಯೂಟರಿಲ್ಲ. ಆಯಿಲು ಬಂದು ತಳ್ಳಿದರೆ ಮುಳ್ಳು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಮುಳ್ಳು ನಾಲ್ಕೂವರೆಗೆ ಹೋಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಡುತ್ತಾರೆ. ಎಂಜಿನ್ ಕಾಯುತ್ತದೆ, ಆಯಿಲು ತೆಳುವಾಗುತ್ತದೆ, ಮುಳ್ಳು ಮೆಲ್ಲಗೆ ಇಳಿದು ಎರಡರ ಹತ್ತಿರ ಕಾಲೂರುತ್ತದೆ. ಹಳೇ ಎಂಜಿನ್ನಿಗೆ ಅದು ಭರ್ಜರಿ ಲೆಕ್ಕ.

ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ಬಂದು ಗೇಜು ನೋಡುತ್ತಾನೆ. ಅವನ ಹಿಂದೆ ಒಬ್ಬ ಡ್ರೈವರು, ಅವನ ಹಿಂದೆ ಇನ್ನಿಬ್ಬರು. ಬೆಳಿಗ್ಗೆ ನಕ್ಕವರೇ. ಈಗ ನಗುವುದಿಲ್ಲ.

ಎಂಜಿನ್ ನಿಲ್ಲಿಸಿ, ಗೇಜು ಬಿಚ್ಚಿ, ಮೇಸ್ತ್ರಿ ತೂತಿನೊಳಗಿನ ಮರೆಗಳಿಂದ ಟೇಪಿನ ಚೂರುಗಳನ್ನು ದಬ್ಬಣದಲ್ಲಿ ಒಂದೊಂದಾಗಿ ಕೀಳುತ್ತಾರೆ. ಚೂರು ಒಳಗೆ ಬಿದ್ದರೆ ಆಯಿಲಿನ ದಾರಿಗೇ ಅಡ್ಡ. ಹಾಗಾಗಿ ಉಸಿರು ಬಿಗಿಹಿಡಿದ ಕೆಲಸ. ಕಿತ್ತಿದ್ದನ್ನೆಲ್ಲ, ಹಳೇ ಸೆನ್ಸರಿನಿಂದ ಬಿಚ್ಚಿದ ಉದ್ದ ಸುರುಳಿಯ ಜೊತೆ ಸೇರಿಸಿ, ಅಂಗಿಯ ಜೇಬಿಗೆ ಹಾಕುತ್ತಾರೆ. ಬಟ್ಟೆಯಲ್ಲಿ ಒರೆಸುತ್ತಾರೆ. ಐಸಕ್ಕ ತಂದ ಹೊಸ ಸೆನ್ಸರನ್ನು ಬರಿಮೈಯಲ್ಲೇ ಬೆರಳಿನಿಂದ ಮೂರು ಸುತ್ತು ತಿರುಗಿಸುತ್ತಾರೆ. “ಮೊದಲ ಮೂರು ಸುತ್ತು ಬೆರಳೇ ಮಾಡ್ಬೇಕು. ಬೆರಳಿಗೆ ಬರದೆ ಇದ್ದಿದ್ದು ರಿಂಚಿಗೆ ಬಂದ್ರೆ ಅದು ತಪ್ಪು ದಾರೀಲಿ ಹೋಗ್ತಿದೆ ಅಂತ.” ಆಮೇಲೆ ಸಾಕೆಟ್ಟು, ಒಂದು ಹದವಾದ ಬಿಗಿ. ಮರೆ ತುದಿಯಿಂದ ಬುಡಕ್ಕೆ ಹೋದಂತೆ ದಪ್ಪವಾಗುತ್ತದೆ, ತಾನೇ ಕಚ್ಚಿ ಕೂರುತ್ತದೆ. ಅದಕ್ಕೆ ಟೇಪು ಬೇಕಾಗಿರಲೇ ಇಲ್ಲ. ಕನೆಕ್ಟರ್ ಟಕ್. ಕೀ. ಡ್ಯಾಶ್‌ಬೋರ್ಡಿನ ಸೂಜಿ ಎದ್ದು ನಿಲ್ಲುತ್ತದೆ.

“ಈಗ ಎದ್ದಿದೆ” ಅನ್ನುತ್ತಾಳೆ ಐಸಕ್ಕ, ತುಟಿ ಕಾಣುವ ಹಾಗೆ ಎದುರಿಗೆ ನಿಂತು. “ಅವತ್ತೂ ಎದ್ದಿತ್ತು. ಬೀಳೋದು ಮೇಲ್ಸೇತುವೆ ಹತ್ರ.”

“ನಡೀರಿ ಹಾಗಾದ್ರೆ. ಐಸ್ ಹಾಕ್ಸಿ.”

ಇಪ್ಪತ್ತೆಂಟು ಗಡ್ಡೆ ಹೇರಿ, ಗೋಣಿ ಹೊದಿಸಿ ಪಿಕಪ್ಪು ಹೊರಡುವಾಗ ಏಳೂಮುಕ್ಕಾಲು. ಮೀನು ಮಾರ್ಕೆಟ್ಟಿನವರು ಫೋನಿನಲ್ಲಿ ಬೈಯುತ್ತಿದ್ದಾರೆ. ಮೇಸ್ತ್ರಿ ಪಕ್ಕದ ಸೀಟಿನಲ್ಲಿ, ಹೆಂಡತಿ ಹೊಲಿದ ಹಳದಿ ಕವರಿನ ಮೇಲೆ. ಐಸಕ್ಕ ಒಂದೇ ಮಾತು ಹೇಳಿದ್ದಾಳೆ: “ನಾನು ಸೂಜಿ ನೋಡಲ್ಲ. ನನ್ನಿಂದಾಗಲ್ಲ. ನೀವೇ ನೋಡಿ.”

ಮೇಸ್ತ್ರಿ ನೋಡುತ್ತಾರೆ. ಗೇಟು ದಾಟಿ, ಸಿಗ್ನಲ್ಲು ದಾಟಿ, ಮೇಲ್ಸೇತುವೆಯ ಬುಡ. ಎರಡನೇ ಗೇರು. ಹಿಂದೆ ಐಸಿನ ಭಾರ, ಮುಂದೆ ಏರು. ಎಂಜಿನ್ ಉಬ್ಬಸ ಪಡುತ್ತ ಹತ್ತುತ್ತದೆ, ಸೀಟು ಅದುರುತ್ತದೆ, ಡ್ಯಾಶ್‌ಬೋರ್ಡು ಅದುರುತ್ತದೆ. ಓರೆಗಣ್ಣಿಗೆ ಐಸಕ್ಕನ ತುಟಿ ಒಂದೇ ಸಮ ಅಲ್ಲಾಡುತ್ತಿರುವುದು ಕಾಣುತ್ತದೆ. ಏನೋ ಹೇಳುತ್ತಿದ್ದಾಳೆ. ತುಟಿ ನೋಡಿದರೆ ಸೂಜಿ ತಪ್ಪುತ್ತದೆ, ಸೂಜಿ ನೋಡಿದರೆ ಮಾತು ತಪ್ಪುತ್ತದೆ. ಮೇಸ್ತ್ರಿ ಸೂಜಿಯನ್ನೇ ಹಿಡಿದು ಕೂರುತ್ತಾರೆ. ಅದು ಒಮ್ಮೆ ತುಸು ನಡುಗುತ್ತದೆ. ಅವರ ಎದೆಯೂ ನಡುಗುತ್ತದೆ. ಇನ್ನೂರ ಹನ್ನೊಂದು ಎಂಜಿನ್ನು ಉಳಿಸಿದವರಿಗೂ ಎದೆ ನಡುಗುತ್ತದೆ, ನೆನಪಿರಲಿ. ಸೂಜಿ ನಿಲ್ಲುತ್ತದೆ. ನೆತ್ತಿ ಬಂತು. ಇಳಿಜಾರು ಬಂತು. ಸೂಜಿ ಬೀಳಲಿಲ್ಲ.

ಮೇಸ್ತ್ರಿ ಡ್ಯಾಶ್‌ಬೋರ್ಡಿಗೆ ಅಂಗೈ ಬಡಿಯುತ್ತಾರೆ. ಐಸಕ್ಕ ಗಾಡಿ ಬದಿಗೆ ಹಾಕಿ, ಮೊದಲ ಸಲ ಮೀಟರಿನ ಕಡೆ ನೋಡಿ, ಸ್ಟಿಯರಿಂಗಿನ ಮೇಲೆ ತಲೆ ಇಟ್ಟು ಹಾರ್ನು ಒತ್ತಿಬಿಡುತ್ತಾಳೆ. ಬೇಕಂತ ಒತ್ತಿದಳೋ, ಹಣೆ ತಾಗಿತೋ, ಹಿಂದಿನ ಬಸ್ಸಿನವನು ತಲೆ ಹೊರಗೆ ಹಾಕಿ ಬೈಯುವವರೆಗೂ ಹಾರ್ನು ಕೂಗುತ್ತಲೇ ಇರುತ್ತದೆ.

“ಹತ್ತೋವಾಗ ಏನೋ ಹೇಳ್ತಿದ್ರಲ್ಲ?” ಅಂತ ಮೇಸ್ತ್ರಿ ಕೇಳುತ್ತಾರೆ.

“ಏನಿಲ್ಲ. ಗಾಡಿಗೆ ಬೈತಿದ್ದೆ” ಅನ್ನುತ್ತಾಳೆ, ಮೂಗು ಒರೆಸಿಕೊಂಡು.

ಬರುವ ದಾರಿಯಲ್ಲೂ ಅದೇ ಏರು, ಅದೇ ಸೂಜಿ, ನೆಟ್ಟಗೆ. ಈಗ ಐಸಕ್ಕನೂ ನೋಡುತ್ತಾಳೆ. ಮೇಸ್ತ್ರಿಗೆ ಮಾತಿಗೆ ಪುರುಸೊತ್ತಾಗುತ್ತದೆ. ಏನಾದರೂ ಆಸೆ ಇದೆಯಾ ಅಂದರೆ ಬಾಯಿ ತೆರೆದು ತೋರಿಸುತ್ತಾರೆ. ಮುಂದಿನ ಎರಡು ಹಲ್ಲಿನ ತುದಿ ಸವೆದು ಓರೆಯಾಗಿದೆ. “ಹಲ್ಲಿನ ಡಾಕ್ಟರು ಇನ್ನು ಕಚ್ಬೇಡ ಅಂತಾರೆ. ನನಗೆ ದೊಡ್ಡ ಆಸೆ ಏನಿಲ್ಲ. ನಾನು ಇರೋವರೆಗೂ ಇವೆರಡು ಇರ್ಲಿ. ತಿನ್ನೋಕಲ್ಲ. ತಿನ್ನೋದನ್ನ ದವಡೇಲಿ ಹೇಗೋ ನೋಡ್ಕೋತೀನಿ.”

ಎಂಟೂ ಐವತ್ತಕ್ಕೆ ಪಿಕಪ್ಪು ಬಯಲಿಗೆ ಬರುತ್ತದೆ. ಟೀ ಅಂಗಡಿ ಖಾಲಿ. ಎಲ್ಲರೂ ಗಾಡಿ ಸುತ್ತ. ಒಬ್ಬ ಕಿಟಕಿಯೊಳಗೆ ತಲೆ ತೂರಿಸಿ ಮೀಟರು ನೋಡಿ ಕಿರುಚುತ್ತಾನೆ: “ನಿಂತಿದೆ ಕಣ್ರೋ! ಕಂಬ ನಿಂತ ಹಾಗೆ ನಿಂತಿದೆ!” ಇನ್ನೊಬ್ಬ ಟೀ ಅಂಗಡಿಯಿಂದ ಕತ್ತರಿ ತರುತ್ತಾನೆ, ಹಾಲಿನ ಪ್ಯಾಕೆಟ್ ಕತ್ತರಿಸುವುದು. “ಮೀಸೆ ಎಲ್ಲಿ? ಬಲಗಡೆ ಮೀಸೆ ಎಲ್ಲಿ?”

ಬಲಗಡೆ ಮೀಸೆ ರಸ್ತೆ ದಾಟಿ ಬರುತ್ತಿದೆ, ಎಡಗಡೆಯದರ ಜೊತೆ, ಕೈಯಲ್ಲಿ ಗುಜರಿಯ ಕಾಗದ ಹಿಡಿದು. ಐಸಕ್ಕ ಕೆಳಗಿಳಿದು ಕೀಯನ್ನು ಅವನ ಮೂಗಿನ ಮುಂದೆ ಕುಣಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. “ಗಾಡಿ ಕೊಡಲ್ಲ. ಹನ್ನೆರಡು ವರ್ಷ ಓಡಿದೆ, ಇನ್ನೂ ಹನ್ನೆರಡು ಓಡುತ್ತೆ. ಆ ಕಾಗದದಲ್ಲಿ ನಿನ್ನ ಮೀಸೆ ಕೂದಲು ಕಟ್ಕೊಂಡು ಹೋಗು.”

ಬೆಳಿಗ್ಗೆ ಇವನ ಮಾತಿಗೆ ನಕ್ಕ ಅದೇ ಬಾಯಿಗಳು ಈಗ ಇವನನ್ನು ನೋಡಿ ನಗುತ್ತವೆ. ಫೋರ್‌ಮನ್ ಮೀಟರಿಗೆ ಕಣ್ಣು ಹಾಕಿ, ತಟ್ಟನೆ ಬೇರೆ ಕಡೆ ತಿರುಗಿಸುತ್ತಾನೆ. ಕತ್ತರಿಯ ಕಡೆ ನೋಡುವುದಿಲ್ಲ. ಜನರನ್ನು ತಳ್ಳಿಕೊಂಡು ಬಂದು ಮೇಸ್ತ್ರಿಯ ಎದುರು ನಿಲ್ಲುತ್ತಾನೆ. ಬಾಯಿ ಅಗಲ ತೆಗೆಯುತ್ತಾನೆ.

“ಏಯ್ ಕಿವುಡಾ! ಏನೋ ಅದೃಷ್ಟ ಖುಲಾಯಿಸಿದೆ, ಅಷ್ಟೇ. ನಾನು ಹಾಕ್ಸಿದ್ದೂ ಸೆನ್ಸರ್ರೇ, ನೀನು ಹಾಕಿದ್ದೂ ಸೆನ್ಸರ್ರೇ. ಏನು ವ್ಯತ್ಯಾಸ? ಗೊತ್ತಿದ್ರೆ ಹೇಳು ನೋಡೋಣ, ಇಷ್ಟು ಜನರ ಎದುರು!”

ಒಂದಕ್ಷರವೂ ಬಿಡದೆ ಮೇಸ್ತ್ರಿ ಆ ತುಟಿಗಳನ್ನು ಓದುತ್ತಾರೆ. ಆಮೇಲೆ ಜೇಬಿಗೆ ಕೈ ಹಾಕಿ, ಎಣ್ಣೆ ಕುಡಿದು ಕಂದಾದ ಬಿಳಿ ಟೇಪಿನ ಸುರುಳಿ ತೆಗೆದು, ಫೋರ್‌ಮನ್ನಿನ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾರೆ. ಅವನು ಮುಷ್ಟಿ ಬಿಚ್ಚಿ ನೋಡುತ್ತಾನೆ. ಅದು ಏನು ಅಂತ ಅವನಿಗೆ ಗೊತ್ತಾಗುತ್ತದೆ. ಮುಖದಲ್ಲೇ ಕಾಣುತ್ತದೆ, ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಕುತ್ತಿಗೆ.

“ಏಯ್... ಮೇಸ್ತ್ರಿ... ಮೇಸ್ತ್ರಿಗಳೇ, ಸ್ವಲ್ಪ ನಿಲ್ಲಿ” ಅನ್ನುತ್ತಾನೆ ಅವನು.

ಮೇಸ್ತ್ರಿ ಆಗಲೇ ಬೆನ್ನು ತಿರುಗಿಸಿದ್ದಾರೆ. ಅಂಗಿಯ ಇನ್ನೊಂದು ಜೇಬಿನಲ್ಲಿ ಸೀಮೆಸುಣ್ಣ ತಡಕುತ್ತ, ಇನ್ನೂರ ಹನ್ನೆರಡನೇ ಗೆರೆಗೆ ಜಾಗ ಇಟ್ಟುಕೊಂಡಿರುವ ಬಾಗಿಲಿನ ಕಡೆ ನಡೆದು ಹೋಗುತ್ತಾರೆ.